ಮೂಗಿನ ಮೇಲೇ ಅನುಮಾನ

ಜೂನ್ 3, ಬೆಳಗ್ಗೆ

ಎದ್ದ ಕೂಡಲೇ ಸೋಪು ಮೂಸಿದೆ. ಬಂತು ವಾಸನೆ. ಕಾಫಿಪುಡಿ — ಅದೂ ಬಂತು. ಆಮೇಲೆ ಹಲ್ಲುಜ್ಜಿದೆ.

ಸೋಪಿನ ಕಾರ್ಖಾನೆಯಲ್ಲಿ ಪ್ರತಿ ಬ್ಯಾಚಿನ ಪರಿಮಳ ಪರೀಕ್ಷಿಸುವುದು ನನ್ನ ಕೆಲಸ. ಮೂಗಿನಿಂದಲೇ ಅನ್ನ. ವಾಸನೆ ಹೋದರೆ ಕೊರೋನಾ ಸೋಂಕು ತಗುಲಿದ ಹಾಗೆ ಅಂತ ಟಿವಿಯಲ್ಲಿ ಹೇಳಿದಾಗಿನಿಂದ ಆ ಮೂಗಿನ ಮೇಲೇ ಅನುಮಾನ.

ಗಂಡನಿಗೆ ನಗು. "ಎಲ್ಲದ್ರಲ್ಲೂ ಮೂಗು ತೂರಿಸೋಳು ನೀನು, ಅದಕ್ಕೇನೂ ಆಗಲ್ಲ ಬಿಡು." ಅವನಿಗೇನು! ಐದು ವರ್ಷದ ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವವಳು ನಾನು.

ಜೂನ್ 4

ಊಟಕ್ಕೆ ಮುಂಚೆ ಮೂಸಿದೆ. ಊಟವಾದ ಮೇಲೂ. ಬಸ್ಸಿನಲ್ಲಿ, ಮಾಸ್ಕಿನೊಳಗೆ ಲವಂಗ. ಪಕ್ಕದವರು ಕೆಮ್ಮಿದರು... ಮುಂದಿನ ಸ್ಟಾಪಿನಲ್ಲೇ ಇಳಿದು ಮನೆವರೆಗೂ ನಡೆದೆ. ನಡೆಯುತ್ತಲೂ ಮೂಸಿದೆ.

ಜೂನ್ 6, ಮಧ್ಯಾಹ್ನ

ಹೋಯಿತು. ಸೋಪು — ಇಲ್ಲ. ಕಾಫಿಪುಡಿ — ಇಲ್ಲ. ಲವಂಗ... ಏನೂ ಇಲ್ಲ.

ಕೋಣೆಗೆ ಬಂದು ಚಿಲಕ ಹಾಕಿಕೊಂಡೆ. ಬೆಳಗ್ಗೆಯಷ್ಟೇ ಮಗಳಿಗೆ ಮುತ್ತು ಕೊಟ್ಟಿದ್ದೆ. ದೇವರೇ.

ಜೂನ್ 9

ಟೆಸ್ಟ್ ಮಾಡುವವರು ಮನೆಗೇ ಬಂದಿದ್ದರು. ನೆಗೆಟಿವ್. ತಪ್ಪಾಗಿದ್ದರೆ?

ಸೂಪರ್‌ವೈಸರ್ ಫೋನು. ಆದದ್ದೆಲ್ಲ ಹೇಳಿದೆ. "ಅಲ್ಲಮ್ಮಾ, ಹೊತ್ತುಗೊತ್ತಿಲ್ದೆ ಮೂಸ್ತಿದ್ರೆ ಯಾವ ಮೂಗು ತಡ್ಕೊಳ್ಳುತ್ತೆ? ಮೂಗಿಗೆ ಬಿಡುವು ಕೊಡಿ ಅಂತ ಹೊಸಬರಿಗೆ ಪಾಠ ಮಾಡ್ತಿದ್ದೋರು ನೀವೇ ಅಲ್ವಾ?"

ಹೌದು, ನಾನೇ. ಮೂಗು ದಣಿದಿದೆ, ಅಷ್ಟೇ. ಗೊತ್ತಿದ್ದೂ ಚಿಲಕಕ್ಕೆ ಕೈ ಹೋಗುತ್ತಿಲ್ಲ. ತಲೆ ಕೆಟ್ಟು ಮೊಸರಾಗಿದೆ. ಗಂಡ ತಟ್ಟೆಯನ್ನು ಬಾಗಿಲ ಹೊರಗಿಟ್ಟು ಹೋಗುತ್ತಾನೆ. ಈಗ ಅವನೂ ನಗುವುದಿಲ್ಲ. ಮಗಳು ಬಾಗಿಲು ತಟ್ಟಿದರೆ ಗದರುತ್ತೇನೆ. "ಹೋಗು, ಹತ್ರ ಬರ್ಬೇಡ!" ಅತ್ತುಕೊಂಡು ಹೋಗುತ್ತಾಳೆ. ಇಲ್ಲಿ ನಾನೂ ಅಳುತ್ತೇನೆ.

ಜೂನ್ 17, ಸಂಜೆ

ನಿನ್ನೆಯಿಂದ ಮಗಳು ಬಾಗಿಲು ತಟ್ಟಿಲ್ಲ. ಕರೆದೆ. ಓಗೊಡಲಿಲ್ಲ. ಸೋಂಕಿಗಿಂತ ಅದಕ್ಕೇ ಹೆಚ್ಚು ಹೆದರಿದೆ. ಚಿಲಕ ತೆಗೆದೇಬಿಟ್ಟೆ.

ನಡುಮನೆಯ ಮೂಲೆಯಲ್ಲಿ ಗೊಂಬೆ ಹಿಡಿದು ನಿಂತಿದ್ದಳು. ಕೈ ಚಾಚಿದೆ. ಗೋಡೆಗೆ ಆತುಕೊಂಡಳು. "ಅಮ್ಮಾ, ಅಲ್ಲೇ ಇರು. ಮುಟ್ಬೇಡ."

ನನ್ನ ಭಯವನ್ನೆಲ್ಲ ಕೂಸಿಗೆ ಅಂಟಿಸಿಬಿಟ್ಟಿದ್ದೇನೆ.

ಹೊಸ್ತಿಲಲ್ಲೇ ಕೂತಿದ್ದೇನೆ. ನೋಡಿದರೆ ಬೆದರುತ್ತಾಳೆ, ಅದಕ್ಕೇ ತಲೆ ಎತ್ತದೆ ಬರೆಯುತ್ತಿದ್ದೇನೆ. ಗೊಂಬೆ ಕೆಳಗಿಟ್ಟ ಸದ್ದು. ಒಂದು ಹೆಜ್ಜೆ. ನಿಂತಳು. ಇನ್ನೊಂದು...

"ಏನ್ ಬರೀತಿದ್ದೀಯಾ?"

ನೋಡಬಾರದು. ಬರೆಯುತ್ತಲೇ ಇರಬೇಕು. ಕೆನ್ನೆಗೆ ಅವಳ ಉಸಿರು ತಾಗು—