ತಲೆಯ ಮೇಲಿನ ಕೈ

ತೊರಪಳ್ಳಿ, ಮಾರ್ಚ್ 1931

ಹಾಲ ಗೌಡರಿಗೆ, ನಿಮ್ಮ ಶಾಲೆಯ ಮೇಷ್ಟ್ರಾಗಿದ್ದ ರಾಚಯ್ಯನ ನಮಸ್ಕಾರ.

ಕ್ಷೇಮವಾಗಿ ಇಲ್ಲಿಗೆ ತಲುಪಿದೆ. ನಾಳೆ ಮೈಸೂರಿಗೆ ಹೊರಡುತ್ತೇನೆ.

ನಾನು ಹೊಸದಾಗಿ ಬಂದಾಗ ನಿಮ್ಮ ಹಟ್ಟಿಯ ಮಕ್ಕಳು ಎದುರಿಗೆ ಬಂದು ತಲೆ ಬಗ್ಗಿಸಿದರೆ ಪೆಚ್ಚಾಗಿ ನಿಲ್ಲುತ್ತಿದ್ದೆ. "ಕೈಯಿಟ್ಟು ಹರಸಿ ಮೇಷ್ಟ್ರೇ! ಎಂಗ ಹಟ್ಟಿಯಲ್ಲಿ ಹರಸದ ಹಿರಿಯ ಬರೀ ಕಲ್ಲುಕಂಬ" ಎಂದು ನಕ್ಕು, ನನ್ನ ಕೈ ಹಿಡಿದು ಮೊಮ್ಮಗಳು ಲಿಂಗಿಯ ತಲೆಯ ಮೇಲೆ ಇಟ್ಟವರು ನೀವೇ.

ನಾನು ಹಾಗೆಯೇ ಹರಸುವುದನ್ನು ಶಾಲೆಯ ಕಿಟಕಿಯಿಂದ ಕಂಡ ಪತ್ರಿಕೆಯವನೊಬ್ಬ, "ಹೆಣ್ಣುಮಕ್ಕಳ ಮೇಲೆ ಉಪಾಧ್ಯಾಯನ ಕೈ! ಬೆಟ್ಟದ ಶಾಲೆಯಲ್ಲಿ ಘೋರ ಅನಾಚಾರ!" ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ. ಊಟಿಯ ಪೇಟೆಯೆಲ್ಲ ಬೊಬ್ಬೆಯಿಟ್ಟಿತು. ಅವನು ನನ್ನನ್ನು ಬಲ್ಲವನಲ್ಲ. ಆದರೆ ವಿಚಾರಣೆಗೆ ಬಂದ ಸಾಹೇಬರ ಮುಂದೆ ನೀವು, "ಮೇಷ್ಟ್ರು ಹೊರಗಿನವರು, ಅವರ ನಡತೆ ನಮಗೇನು ಗೊತ್ತು?" ಎಂದಿರಿ. ನನ್ನ ಕೆಲಸ ಅಲ್ಲಿಗೆ ಮುಗಿಯಿತು.

ಒಂದೇ ಕೋರಿಕೆ. ನಾನು ಹೊರಟಾಗ ಲಿಂಗಿ ಓಡಿ ಬಂದು ತಲೆ ಬಗ್ಗಿಸಿದಳು. ಜನ ನೋಡುತ್ತಿದ್ದರು. ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ನಡೆದುಬಿಟ್ಟೆ. ತಿರುವಿನಲ್ಲಿ ಹಿಂತಿರುಗಿ ನೋಡಿದಾಗಲೂ ಮಗು ತಲೆ ಎತ್ತಿರಲಿಲ್ಲ. ನನ್ನ ಪರವಾಗಿ ನೀವು ಅವಳ ತಲೆಯ ಮೇಲೆ ಕೈಯಿಡಿ.

ಇಂತಿ,
ರಾಚಯ್ಯ