ಎಡಗೈಗೆ ಒಂದು ಹೆಲಿಕಾಪ್ಟರ್

ವಿಜಯಪುರ
16 ನವೆಂಬರ್ 2025

ಧರ್ಮರಾಜ ಅವರಿಗೆ, ಜೈಭೀಮ್.

ನನ್ನವು ಎರಡು ಕೈ ಅದಾವಲ್ಲ, ನಿಂದು ಒಂದಿದ್ದರೂ ನಡೀತದ ಎಂದೋ ಏನೋ ಅಂದಿರಿ, ಮಳೆಗಾಲದ ಮೊದಲಿಗೆ ಹೊರಡುವಾಗ, ಹುಬ್ಬಳ್ಳಿ ಗಾಡಿಯ ಬಾಗಿಲಲ್ಲಿ ನಿಂತು. ಮಾತಿನ ಕೊನೆ ನೆನಪಿಲ್ಲ. ಅಷ್ಟರಲ್ಲಿ ಗಾಡಿ ಜರುಗಿತ್ತು. ಅದು ಅಕ್ಕರೆಯ ಮಾತೆಂದು ಗೊತ್ತಿದ್ದೂ, ಮನೆಗೆ ಬರುವ ಆಟೋದಲ್ಲಿ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತೆ, ಯಾರೋ ಅದನ್ನು ಬೈದ ಹಾಗೆ.

ನನಗೆ ಲಕ್ವಾ ಹೊಡೆದಾಗ ನೀವು ಬಂದಿರಿ, ಮಳೆಗಾಲ ಹಿಡಿಯುವ ತನಕ ಇದ್ದಿರಿ, ಅಡಿಗೆ ಮಾಡಿದಿರಿ, ಆ ಕೈಗೆ ಎಣ್ಣೆ ತಿಕ್ಕಿದಿರಿ. ಈಗ ನಿಮ್ಮ ಪತ್ರ ಬಂದಿದೆ. ನಿನ್ನನ್ನು ನೋಡಿಕೊಳ್ಳಲು ಒಬ್ಬರು ಬೇಕು, ವಿಜಯಪುರಕ್ಕೆ ವರ್ಗ ಕೇಳುತ್ತೇನೆ, ನೀನು ಹೂಂ ಅಂದರೆ ಸಾಕು ಎಂದು ಬರೆದಿದ್ದೀರಿ. ಗಂಡ ಹೆಂಡತಿ ಬೇರೆ ಬೇರೆ ಊರಿನಲ್ಲಿ ಇರತೊಡಗಿದ ಮೇಲೆ ನೀವು ನನ್ನ ಒಪ್ಪಿಗೆ ಕೇಳಿದ್ದು ಇದೇ ಮೊದಲು. ಬೇರೆಯಾಗುವಾಗ ನೀವು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ನಿಮ್ಮ ರೈಲ್ವೆಯ ವರ್ಗಾವಣೆ ಇಬ್ಬರಿಗೂ ಅನುಕೂಲವಾಗಿ ಕಂಡಿತ್ತು. ಉತ್ತರ ಬರೆಯಲೆಂದೇ ಕೂತಿದ್ದೇನೆ. ಆದರೆ ಮೊದಲು ನಾನೊಂದು ಹೆಲಿಕಾಪ್ಟರ್ ಕೊಂಡ ಸಂಗತಿ ತಿಳಿಸಬೇಕು.

ನಗಬೇಡಿ. ರಿಮೋಟಿನಿಂದ ಹಾರುವಂಥದ್ದು, ಬೊಗಸೆಯಲ್ಲಿ ಕೂಡುವಷ್ಟು. ಹಿಚುಕಲೆಂದು ಆಸ್ಪತ್ರೆಯವರು ಕೊಟ್ಟ ಸ್ಪಂಜಿನ ಚೆಂಡು ನಿಮಗೆ ಗೊತ್ತಲ್ಲ. ಹಿಚುಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಚೆಂಡಿಗೆ ಏನೂ ಆಗುತ್ತಿರಲಿಲ್ಲ. ತಪ್ಪಿದರೆ ಏನಾದರೂ ಕೆಳಗೆ ಬೀಳಬೇಕು, ಆಗ ಕೈ ಕಲಿತೀತು ಅನಿಸಿತು. ಮಕ್ಕಳಿಗೆ ವಿಜ್ಞಾನ ಹೇಳುವವಳಿಗೆ ಇದು ಹೊಳೆಯಲು ಇಡೀ ಮಳೆಗಾಲ ಬೇಕಾಯಿತು.

ಅಂಗಡಿಯ ಸಂಗನಬಸವ ಮೊದಲು ಕೇಳಿದ್ದು, ಮೊಮ್ಮಗಗೇನ್ರಿ ಅಕ್ಕಾರ ಎಂದು. ನನಗೇ ಎಂದೆ. ಅವನು ಸ್ಟೂಲು ಒರೆಸಿ ಕೊಟ್ಟ. ಮೇಜಿನ ಮೇಲೆ ಮೂರು ಬಗೆ ಬಂದವು. ಒಂದರ ತಲೆಯ ಮೇಲೆ ಎರಡು ಜೋಡಿ ರೆಕ್ಕೆ, ಒಂದರ ಮೇಲೊಂದು, ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಹೊಸಬರಿಗೆ ಇದ ಚೊಲೊರಿ, ತಾನ ನಿಂದರತೈತಿ, ನೀವೇನೂ ಮಾಡೂದ ಬ್ಯಾಡ ಎಂದ. ನಾನೇನೂ ಮಾಡಬೇಕಾಗಿಲ್ಲದ ಇನ್ನೊಂದು ವಸ್ತು ಮನೆಯಲ್ಲಿ ಯಾಕೆ? ಎರಡನೆಯದು ಮೊಳದುದ್ದದ್ದು, ತಲೆಕೆಳಗಾಗಿಯೂ ಹಾರುವಂಥದ್ದು. ಅದನ್ನು ತೋರಿಸುವಾಗ ಅವನ ದನಿ ತಾನಾಗಿ ತಗ್ಗಿತು. ಬಿದ್ದರೆ ಬಿಡಿಭಾಗ ಮುಂಬೈಯಿಂದ ಬರಬೇಕು, ಬೆರಳಿಗೆ ತಾಗಿದರೆ ಬೆರಳೂ ಹೋದೀತು ಎಂದು ಅವನೇ ಒಪ್ಪಿಕೊಂಡ. ನಾನು ಮೂರನೆಯದನ್ನು ಹಿಡಿದೆ. ತಲೆಯ ಮೇಲೆ ಒಂದೇ ಜೋಡಿ ರೆಕ್ಕೆ, ಹಗುರ ಪ್ಲಾಸ್ಟಿಕ್ಕು. ಮುರಿದರೆ ಬದಲಿಸಲು ರೆಕ್ಕೆಗಳೂ ಬಾಲದ ಮೋಟರೂ ಅವನ ಡಬ್ಬಿಯಲ್ಲೇ ಇದ್ದವು. ಅದನ್ನು ನೆಟ್ಟಗೆ ನಿಲ್ಲಿಸುವ ಕೆಲಸದಲ್ಲಿ ಅರ್ಧ ಒಳಗಿನ ಯಂತ್ರದ್ದು, ಅರ್ಧ ನನ್ನದು. ಮೊದಲು ಕೊಳ್ಳುವ ಹೆಲಿಕಾಪ್ಟರ್ ಮನುಷ್ಯರಿಂದ ಅಷ್ಟನ್ನೇ ಕೇಳಬೇಕು. ಹೆಚ್ಚು ಕೇಳಿದರೆ ಮೂಲೆ ಸೇರುತ್ತದೆ, ಏನೂ ಕೇಳದಿದ್ದರೂ ಮೂಲೆ ಸೇರುತ್ತದೆ.

ರಿಮೋಟಿನಲ್ಲಿ ಎರಡು ಕಡ್ಡಿಗಳಿರುತ್ತವೆ. ಏರಿಸಿ ಇಳಿಸುವ ಕಡ್ಡಿ ಸಾಮಾನ್ಯವಾಗಿ ಎಡಗೈಗೆ. ಸಂಗನಬಸವ ನನ್ನ ಕೈ ಗಮನಿಸಿದ್ದ. ಏರಸೂ ಕಡ್ಡಿ ಬಲಗಡೆ ಇರೂ ರಿಮೋಟೂ ಬರತಾವ್ರಿ, ತರಸ್ತೀನಿ ಎಂದು ಡಬ್ಬಿಯ ಕಡೆ ನೋಡುತ್ತ ಹೇಳಿದ. ಒಳ್ಳೆಯ ಮನುಷ್ಯ. ಬೇಡ, ಎಡಕ್ಕೇ ಇರಲಿ ಎಂದೆ. ಆ ದನಿ ನನ್ನದೆಂದು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಮೊದಲ ಸಂಜೆ ಮಾಳಿಗೆಯ ಮೇಲೆ ಹಾರಿಸಿದೆ. ಈ ಊರಿನ ಗಾಳಿಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪಕ್ಕದ ಮನೆಯ ಸೈಮಾ ಅದನ್ನು ತಾನು ಒಣಹಾಕಿದ ಚಾದರದಿಂದ ಬಿಡಿಸಿ ತಂದು, ಟೀಚರ್, ನಿಮ್ಮ ವಿಮಾನ ನಮ್ಮ ಮನೀಗಿ ಬೀಗತನಾ ಮಾಡಾಕ ಬಂದಿತ್ತು ಎಂದಳು. ಮರುದಿನ ಬಬಲೇಶ್ವರದ ಶಾಲೆಯಲ್ಲಿ ಇದನ್ನು ಹೇಳಿದಾಗ, ನನ್ನ ಜೊತೆ ಪಾಠ ಮಾಡುವ ಅಕ್ಕನಾಗಮ್ಮ, ಗಾಳಿ ಬ್ಯಾಡಂದರ ನಮ್ಮ ಹೊನವಾಡದ ಶೆಡ್ಡಿಗೆ ಬರ್ರಿ ಎಂದಳು.

ದ್ರಾಕ್ಷಿ ಒಣಗಿಸುವ ಶೆಡ್ಡು. ಅದಕ್ಕೆ ಕೆಲಸ ಬೇಸಿಗೆಯಲ್ಲಿ, ಈಗ ಖಾಲಿ. ಸುತ್ತ ಹಸಿರು ಪರದೆ ಇಳಿಬಿಟ್ಟರೆ ಗಾಳಿ ಹೊರಗೇ ನಿಲ್ಲುತ್ತದೆ. ದ್ರಾಕ್ಷಿ ಹರವುವ ಬಲೆಗಳಲ್ಲಿ ಮೇಲಿನವನ್ನೆಲ್ಲ ಸುತ್ತಿಟ್ಟಿದ್ದರು, ಸೊಂಟದೆತ್ತರದ್ದೊಂದು ಮಾತ್ರ ಬಿಗಿಯಾಗಿ ಹಾಗೇ ಇತ್ತು. ಅದರ ಮೇಲೆ ಹಾರಿಸತೊಡಗಿದೆ. ಹೆಬ್ಬೆರಳು ತಡಮಾಡುತ್ತಿತ್ತು, ತಡವಾಯಿತೆಂದು ಗಾಬರಿಬಿದ್ದು ಜೋರು ಮಾಡುತ್ತಿತ್ತು. ಹೆಲಿಕಾಪ್ಟರ್ ಚಾವಣಿಯ ತಗಡು ಪತ್ರಾಸಿಗೆ ಬಡಿದು ಬಲೆಗೆ ಬೀಳುತ್ತಿತ್ತು. ಬಲೆ ತುಸು ತೂಗಿ, ಒಂದು ಮಾತೂ ಆಡದೆ, ಅದನ್ನು ನನಗೆ ವಾಪಸು ಕೊಡುತ್ತಿತ್ತು. ಪ್ರತಿ ಭಾನುವಾರ ತಿಕೋಟಾ ದಾಟಿ ಬಸ್ಸಿನಲ್ಲಿ ಹೋದೆ, ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು.

ಇವತ್ತು ಅದು ನಿಂತಿತು.

ಬಾಲ ನನ್ನ ಕಡೆ, ಕಣ್ಣಿನ ಎತ್ತರದಲ್ಲಿ, ಏರದೆ, ಇಳಿಯದೆ. ಎಡ ಹೆಬ್ಬೆರಳು ತನ್ನ ಪಾಡಿಗೆ ಕೂದಲೆಳೆಯಷ್ಟು ಆಚೆ ಈಚೆ ಆಡುತ್ತಿತ್ತು, ನಾನು ಅದನ್ನು ನೋಡುತ್ತಲೂ ಇರಲಿಲ್ಲ. ಅಕ್ಕನಾಗಮ್ಮನ ಅತ್ತೆ ರಾಚವ್ವ ಚಹಾದ ಬಟ್ಟಲು ಹಿಡಿದು ಬಂದು ನಿಂತು, ಹಾರಸ್ತಾರ ಅಂದಿ, ಎಲ್ಲಿಗೂ ಹೋಗವಲ್ದಲ್ಲ ಬೇ, ನಿಂತಲ್ಲೇ ನಿಂತೈತಿ ಎಂದು ಸೊಸೆಗೆ ದೂರಿದಳು. ನಿಂದ್ರೂದ ಭಾಳ ಕಠಿಣ ಐತ್ರಿ ಅತ್ತಿ, ಸುಮ್ಮನಿರ್ರಿ ಎಂದಳು ಇವಳು. ಮುದುಕಿ ಸುಮ್ಮನಾಗಲಿಲ್ಲ. ಹಂಗಾದ್ರ ನಮ್ಮ ಮನ್ಯಾನ ಗಂಡಸರು ಭಾರೀ ಶ್ಯಾಣ್ಯಾರ ಬಿಡು ಎಂದಳು. ನಾನು ನಕ್ಕೆ. ಮೈಯೆಲ್ಲ ಅಲುಗಿ ನಕ್ಕೆ. ನಕ್ಕರೂ ಅದು ಬೀಳಲಿಲ್ಲ.

ಹೆಮ್ಮೆಯಾಯಿತು. ಬೇರೆಯವರ ಮಕ್ಕಳ ಬಗ್ಗೆ ವರ್ಷವರ್ಷವೂ ಬಳಸುವ ಶಬ್ದ ಇದು. ಹೊಸ ರವಿಕೆಯ ಹಾಗೆ ನಾನೇ ತೊಟ್ಟು ನೋಡುತ್ತಿದ್ದೇನೆ, ಅಷ್ಟೇನೂ ಬಿಗಿಯಾಗುತ್ತಿಲ್ಲ.

ಆದ್ದರಿಂದ ಉತ್ತರ. ನನ್ನನ್ನು ನೋಡಿಕೊಳ್ಳಲು ವರ್ಗ ಕೇಳಬೇಡಿ. ಆ ಹುದ್ದೆ ಇಲ್ಲಿ ಖಾಲಿ ಇಲ್ಲ. ಬೇರೆ ಕಾರಣ ನಿಮ್ಮಲ್ಲಿ ಇದ್ದರೆ ನಾನಾಗಿ ಊಹಿಸುವುದಿಲ್ಲ, ನೀವೇ ಬರೆಯಬೇಕು. ಫೆಬ್ರುವರಿಯ ಹೊತ್ತಿಗೆ ಶೆಡ್ಡಿಗೆ ದ್ರಾಕ್ಷಿ ಬರುತ್ತದೆ. ಅಷ್ಟರೊಳಗೆ ಬಂದರೆ ಪಕ್ಕದಲ್ಲಿ ನಿಂತು ನೋಡಲು ಜಾಗವಿದೆ. ರಿಮೋಟು ಮಾತ್ರ ಕೊಡುವುದಿಲ್ಲ.

ಇಂತು,
ನೀಲಾ

ತಾ.ಕ.: ದಿನಾ ಸಂಜೆ ಫೋನ್ ಮಾಡಿ, ಕೈ ಹೆಂಗೈತಿ ಎಂದು ಕೇಳುತ್ತೀರಿ. ಹಂಗ ಐತ್ರಿ ಅನ್ನುತ್ತೇನೆ. ಅದು ದಸರೆ ರಜೆಯಿಂದಲೂ ಹಂಗೇನಿಲ್ಲ. ಕುಕ್ಕರಿನ ಮುಚ್ಚಳ ಹಾಕುತ್ತದೆ, ಜಡೆ ಹೆಣೆಯುತ್ತದೆ. ಗುಳಿಗೆ, ಎಣ್ಣೆ ಎಲ್ಲ ವಿಚಾರಿಸಿ ಆದ ಮೇಲೆ ನೀವು ಸ್ವಲ್ಪ ಹೊತ್ತು ಸುಮ್ಮನೆ ಮಾತಾಡುತ್ತೀರಿ, ಪ್ಲಾಟ್‌ಫಾರ್ಮಿನ ಕುಂಟು ನಾಯಿಯ ಬಗ್ಗೆ, ಖಾನಾವಳಿಯ ನೀರು ಸಾರಿನ ಬಗ್ಗೆ. ನಾಳೆ ಈ ಪತ್ರವನ್ನು ಅಂಚೆ ಡಬ್ಬಿಗೆ ಹಾಕುತ್ತೇನೆ. ಕೈ ಸರಿಹೋಗಿದೆ ಎಂದು ತಿಳಿದ ಮೇಲೆ, ಸಂಜೆ ಏನು ಕೇಳಲು ಫೋನ್ ಮಾಡುತ್ತೀರಿ?