ಡಬ್ಬಿಯ ತಳದ ಹಂದಿ

ಮಾರ್ಚ್ 3, ಸಂಜೆ

ಮತ್ತೆ ಬೇಯಿಸಿದ ಬಾಳೆಕಾಯಿ. ಅಜ್ಜಿ ಮತ್ತೆ ತಟ್ಟೆ ಪಕ್ಕಕ್ಕೆ ತಳ್ಳಿದಳು. ಜ್ವರ ಬಿಟ್ಟು ವಾರವಾಯಿತು, ಹೊಟ್ಟೆಗೆ ಬರೀ ಕೋಕೋ. ಏನು ಬೇಕಜ್ಜಿ ಎಂದೆ. ಹುಡುಗಿಯಂತೆ ನಾಚಿಕೊಂಡಳು.

"ಪಿಸುಪೊ... ಈರುಳ್ಳಿ ಹಾಕಿ ಹುರಿದದ್ದು. ಬಿಸಿ ಅನ್ನದ ಜೊತೆ."

ಪಿಸುಪೊ, ಅಂದರೆ ಡಬ್ಬಿ ಮಾಂಸ, ಮನೆಯಲ್ಲೇ ಇದೆ! ಅಜ್ಜಿಯ ಮಂಚದ ಕೆಳಗೇ! ಅದರ ಮೇಲೆ ಮಲಗಿಯೇ ಉಪವಾಸ. ಯಜಮಾನ ತೋಮಾಸಿ ಮಾವ, ಅಜ್ಜಿಯ ಹಿರಿಮಗ, ಗುಡುಗಿದ:

"ಮುಟ್ಟಿದ್ರೆ ಕೈ ಮುರೀತೀನಿ, ಫೆತೂ. ನಾಳೆ ಯಾರಾದ್ರೂ ಸತ್ರೆ ಆ ಮನೆಗೆ ಏನ್ ತಗೊಂಡ್ ಹೋಗ್ಲಿ, ನಿನ್ ತಲೆನಾ?"

ಯಾರೂ ಸತ್ತಿಲ್ಲ. ಸಾಯಬಹುದಾದವರಿಗಾಗಿ ಬದುಕಿರುವವರು ಬಾಳೆಕಾಯಿ ತಿನ್ನಬೇಕು. ಇದನ್ನು ಉಗ್ರವಾಗಿ ಖಂಡಿಸಿ, ಡಬ್ಬಿಯ ತಳದಲ್ಲಿ ಮೊಳೆಯಿಂದ ನಾಲಿಗೆ ಚಾಚಿದ ಹಂದಿಯೊಂದನ್ನು ಕೆತ್ತಿದ್ದೇನೆ. ಸಹಿ ಹಾಕಿಲ್ಲ. ಹದಿನಾರು ಹುತಾತ್ಮಳಾಗುವ ವಯಸ್ಸಲ್ಲ.

ಮಾರ್ಚ್ 6

ಪಕ್ಕದೂರಿನ ಮುದುಕನೊಬ್ಬ ತೀರಿಕೊಂಡ. ಮಾವನ ಮುಖದಲ್ಲಿ ಗೆದ್ದ ಕಳೆ. ಕಾಣಿಕೆಯ ಚಾಪೆ, ಡಬ್ಬಿ ಎತ್ತಿಕೊಂಡು ನಡೆದ. ಹಂದಿಯ ಮೆರವಣಿಗೆ ಹೊರಟಿತು.

ನಿನಗೆ ಸಿಟ್ಟು ಬರಲ್ವಾ ಎಂದು ಅಜ್ಜಿಯನ್ನು ಕೇಳಿದೆ.

"ಸಾವಿನ ಮನೆಗೆ ಬರಿಗೈಲಿ ಹೋಗೋಕಾಗುತ್ತೇನೇ, ಕತ್ತೆ?"

ಬೈಗುಳವೂ ನನಗೇ! ಆಮೇಲೆ ಸಮುದ್ರದ ಕಡೆ ತಿರುಗಿ ಮಲಗಿದಳು. ಊಟ: ಕೋಕೋ.

ಮಾರ್ಚ್ 19

ಅಜ್ಜಿ ಈಗ ಏಳುವುದಿಲ್ಲ. ದಾದಿ ಬಂದು ನೋಡಿ, "ಏನಾದ್ರೂ ತಿನ್ಸಿ, ಇಲ್ದಿದ್ರೆ ಕಷ್ಟ" ಎಂದು ಹೋದಳು. ಏನಾದರೂ! ಅಂಗಡಿಯಲ್ಲಿ ಪಿಸುಪೊ ಮುಗಿದಿದೆ. ಉಪೋಲು ದ್ವೀಪದಿಂದ ಸಾಮಾನು ತರುವ ಹಡಗು ಕೆಟ್ಟು ನಿಂತಿದೆ. ನಮ್ಮ ಡಬ್ಬಿ ಮಾತ್ರ ಎಲ್ಲೋ ಊರೂರು ತಿರುಗುತ್ತಿರಬೇಕು.

ಏಪ್ರಿಲ್ 2, ಮಧ್ಯಾಹ್ನ

ಮದುವೆಮನೆಯಲ್ಲಿ ಭಾಷಣ ಬಿಗಿದದ್ದಕ್ಕೆ ಮಾವನಿಗೆ ಮರ್ಯಾದೆಯೆಂದು ಒಂದು ಪಿಸುಪೊ ಡಬ್ಬಿ ಬಂತು. ಸುಮ್ಮನೆ ತಿರುಗಿಸಿ ನೋಡಿದೆ.

ನನ್ನ ಹಂದಿ!

ಒಂಟಿಯಾಗಿ ಬಂದಿಲ್ಲ. ಯಾರೋ ಪಕ್ಕದಲ್ಲೊಂದು ಮರಿ ಕೆತ್ತಿದ್ದಾರೆ. ಇನ್ಯಾರೋ ತಲೆಗೆ ಟೊಪ್ಪಿ ಹಾಕಿದ್ದಾರೆ. ಅಂದರೆ ಎಲ್ಲರೂ ಇದನ್ನು ನೋಡಿ, ಜೊಲ್ಲು ನುಂಗಿ, ಮುಂದಿನ ಮನೆಗೆ ದಾಟಿಸಿದ್ದಾರೆ. ತಿಂದವರು ಯಾರೂ ಇಲ್ಲ!

ಮಾವ ಅದನ್ನು ಮತ್ತೆ ಮಂಚದಡಿ ತಳ್ಳಿ ತೋಟಕ್ಕೆ ಹೋದ. ನಾನು ಓಪನರ್ ಹುಡುಕುತ್ತಿದ್ದೇನೆ. ಇದು ಕಳ್ಳತನವಲ್ಲ. ಬಂಧವಿಮೋಚನೆ.

ಅದೇ ದಿನ, ಸಂಜೆ

ಮಾಂಸದ ಕೊಬ್ಬಿನಲ್ಲೇ ಈರುಳ್ಳಿ ಬಾಡಿಸಿದೆ. ಚುರ್ ಎಂದಿತು. ಮಾಂಸ ಬಾಣಲೆಗೆ ಅಂಟಿ ಗರಿಗರಿಯಾಗುವವರೆಗೆ ಕೆದಕಲಿಲ್ಲ. ಪಕ್ಕದಲ್ಲಿ ಅನ್ನ. ವಾಸನೆ ಮೂಗಿಗೆ ಹೋದದ್ದೇ ತಡ, ಅಜ್ಜಿ ತಾನೇ ಎದ್ದು ಕುಳಿತಳು! ಒಂದು ತುತ್ತು. ಎರಡನೆಯದಕ್ಕೆ ಕಣ್ಣು ಮುಚ್ಚಿದಳು. ಮೂರನೆಯದು ಬಾಯಿಗೆ ಹೋಗಬೇಕು... ಮನೆ ಮುಂದಿನ ದಾರಿಯಲ್ಲಿ ನಮ್ಮೂರ ಪಾದ್ರಿ ಇಯೆರೆಮಿಯಾ.

ಬರೀ ಕಂಬಗಳ, ಗೋಡೆಯಿಲ್ಲದ ಮನೆ; ಎಲ್ಲ ಹೊರಗೆ ಕಾಣುತ್ತದೆ. ಮರ್ಯಾದೆ ಜಾಸ್ತಿಯಾದ ಅಜ್ಜಿ.

"ಬನ್ನಿ ಪಾದ್ರಿಗಳೇ, ಊಟ ಮಾಡಿ!"

ನಾವು ಕರೆಯಬೇಕು, ಅವರು "ಆಯ್ತು, ನೀವು ಮಾಡಿ" ಎಂದು ಮುಂದೆ ಹೋಗಬೇಕು. ತಲೆತಲಾಂತರದ ಒಪ್ಪಂದ. ಪಾದ್ರಿಗಳು ಒಪ್ಪಂದ ಮುರಿದರು. ಮೂಗರಳಿಸಿ ಒಳಗೆ ಬಂದು ಕುಳಿತರು. ಅವರ ಹಿಂದೆಯೇ ಮಾವ! ಬಾಣಲೆ ನೋಡಿದ, ನನ್ನನ್ನು ನೋಡಿದ. ಅತಿಥಿಯ ಎದುರು ಬೈಯುವಂತಿಲ್ಲ. ಮುಖ ಮಾತ್ರ ಹಲಸಿನಂತೆ ಊದಿತು.

ಪಾದ್ರಿಗಳು ಖಾಲಿ ಡಬ್ಬಿ ತಿರುಗಿಸಿದರು. ಹಂದಿ ಕೆತ್ತಿದ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

"ಅಯ್ಯೋ, ಇದಾ! ಟೊಪ್ಪಿ ಹಾಕಿದ್ದು ನಾನೇ ಕಣಮ್ಮಾ. ಮೂರು ದಿನ ನಮ್ಮನೇಲಿತ್ತು. ತಿನ್ನೋಣ ಅಂತ ಎಷ್ಟು ಆಸೆಯಿತ್ತು ಗೊತ್ತಾ? ಅಷ್ಟರಲ್ಲಿ ಆ ಮದುವೆ ಬಂತು ನೋಡು, ಹಾಳಾದ್ದು!"

ಮಾವ ತನ್ನ ತಾಯಿಯ ತಟ್ಟೆಯನ್ನು ನೋಡಿದ. ಅದು ಅಷ್ಟರಲ್ಲಿ ಬಳಿದಂತೆ ಖಾಲಿಯಾಗಿತ್ತು. ಆಮೇಲೆ ತನ್ನ ತಟ್ಟೆ ಚಾಚಿದ.

"ಗರಿಯಾದದ್ದು ಹಾಕೇ."

ಹಾಕಿದೆ. ನೊಣ ಓಡಿಸುತ್ತ ನಿಂತೆ. ಕಿರಿಯರು ಕೊನೆಗೆ, ಅದೂ ಉಳಿದರೆ. ಮೊಳೆ ಹಿಡಿದವಳು ನಾನು, ಒಲೆಯ ಹೊಗೆ ಕುಡಿದವಳು ನಾನು, ತಿಂದವರು ಟೊಪ್ಪಿ ಹಾಕಿದವರು!

ಈಗ ಎಲ್ಲರೂ ಉಂಡು ಎದ್ದಿದ್ದಾರೆ. ಬಾಣಲೆ ನನ್ನ ತೊಡೆಯ ಮೇಲಿದೆ. ತಳದಲ್ಲಿ ಒಂದೇ ಒಂದು ತುತ್ತು. ನ್ಯಾಯವಾಗಿ, ಧರ್ಮವಾಗಿ, ಸಕಲ ಹಂದಿಗಳ ಸಾಕ್ಷಿಯಾಗಿ ನನ್ನದು.

"ಫೆತೂ... ಬಾಣಲೇಲಿ ಇನ್ನೇನಾದ್ರೂ ಉಳಿದಿದೆಯೇನೇ?"

ಒಂದು ತಿಂಗಳಿಂದ ಏನನ್ನೂ ಕೇಳದ ಅಜ್ಜಿಯ ಬಾಯಿ. ಎಂಥ ಅನ್ಯಾಯ ಇದು! ಇಲ್ಲ ಎನ್ನಲು ಹೊರಟೆ, ಬಾಯಿಂದ ಬಂದದ್ದು "ಇದೆ".

ಬಂದೆ ಅಜ್ಜಿ, ಬಂ—